ಹುಡುಗ ಕಾಣೆಯಾದಾಗ: ಪ್ಯಾರೀಸ್ ಕಾರ್ನರಿನ ಹುಡುಕಾಟಗಳು

ಮದರಾಸಿಗೆ ಓಡಿಬಂದ ಹುಡುಗನನ್ನು ಅರಸಿಕೊಂಡು ಬಂದವರ ಸುತ್ತಾಟ ಬಹುಕಾಲ ಪ್ಯಾರೀಸ್ ಕಾರ್ನರಿನಿಂದಲೇ ಶುರುವಾಗುತ್ತಿತ್ತು. ಬಂದರು, ರೈಲು, ಟ್ರಾಮು, ಬಸ್ಸು, ಪೇಟೆ, ಕೋರ್ಟು ಎಲ್ಲವೂ ಕೂಗಳತೆಯಲ್ಲಿ ಒಟ್ಟುಗೂಡಿದ್ದ ಜಾಗ ಆ ಊರಿನಲ್ಲಿ ಇದೊಂದೇ. ವೇಲ್ಸ್‌ನಿಂದ 1788ರಲ್ಲಿ ಮದರಾಸಿಗೆ ಬಂದ ಥಾಮಸ್ ಪ್ಯಾರಿ ಎಂಬ ವ್ಯಾಪಾರಿ 1803ರಲ್ಲಿ ಕಡಲ ಕಡೆಯ ಈ ಮೂಲೆಯ ಜಾಗವನ್ನು ಕೊಂಡ. ಅವನ ಹೆಸರೇ ಮೂಲೆಗೆ ನಿಂತಿತು. ಫ್ರಾನ್ಸಿನ ರಾಜಧಾನಿಗೂ ಇದಕ್ಕೂ ನಂಟಿಲ್ಲ. ಈಗ ಅಲ್ಲಿರುವ ಡೇರ್ ಹೌಸ್ ಕಟ್ಟಡ 1940ರದು. ಪ್ಯಾರಿಯ ಪಾಲುದಾರ ಜಾನ್ ವಿಲಿಯಂ ಡೇರ್‌ನ ಹೆಸರು ಅದಕ್ಕಿದೆ. ಕಟ್ಟಡದ ಬದಿಯಲ್ಲಿ 1773ರ ಒಂದು ಗಡಿಗಲ್ಲು ಉಳಿದಿದೆ. ಕೋಟೆಗೂ ಊರಿಗೂ ನಡುವೆ ಬಯಲಾಗಿ ಬಿಟ್ಟ ಎಸ್‌ಪ್ಲನೇಡ್‌ನ ಎಲ್ಲೆ ತೋರಿಸಲು ನೆಟ್ಟ ಆರು ಕಲ್ಲುಗಳಲ್ಲಿ ಉಳಿದದ್ದು ಇದೊಂದೇ.

ಮನೆಬಿಟ್ಟ ಹುಡುಗರ ಪ್ರಶ್ನೆ ಇಲ್ಲಿ ಮೊದಲು ದೊಡ್ಡದಾಗಿ ಎದ್ದದ್ದು ಶಾಲೆಗಳಿಂದ. ಸ್ಕಾಟ್ಲೆಂಡಿನ ಪಾದ್ರಿ ಜಾನ್ ಆಂಡರ್ಸನ್ 1837ರಲ್ಲಿ ಅರ್ಮೇನಿಯನ್ ಬೀದಿಯಲ್ಲಿ ಇಂಗ್ಲಿಷ್ ಶಾಲೆ ತೆರೆದ. ಮುಂದೆ ಮದರಾಸ್ ಕ್ರಿಶ್ಚಿಯನ್ ಕಾಲೇಜಾಗಿ ಬೆಳೆದು, 1937ರಲ್ಲಿ ತಾಂಬರಂಗೆ ಹೋಗುವವರೆಗೂ ಇದೇ ಎಸ್‌ಪ್ಲನೇಡ್‌ನಲ್ಲಿದ್ದ ಸಂಸ್ಥೆ ಅದು. 1841ರ ಜೂನ್‌ನಲ್ಲಿ ಇಬ್ಬರು ವಿದ್ಯಾರ್ಥಿಗಳು ದೀಕ್ಷಾಸ್ನಾನ ಪಡೆದಾಗ ಊರು ಕೆರಳಿತು, ಶಾಲೆಯ ಬೆಂಚುಗಳು ಬರಿದಾದವು. ಮಂಗಳೂರಿನಲ್ಲೂ ಇದೇ ಕತೆ. 1844ರ ಜನವರಿಯಲ್ಲಿ ಮೂವರು ಸಾರಸ್ವತ ತರುಣರು ಬಾಸೆಲ್ ಮಿಶನ್ನನ್ನು ಸೇರಿದರು. ಅವರಲ್ಲೊಬ್ಬನಾದ ಆನಂದರಾವ್ ಕೌಂಡಿನ್ಯನಿಗೆ ಆಗ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಇಂಥ ಹುಡುಗರು ಎಲ್ಲಿದ್ದಾರೆಂಬುದು ಮನೆಯವರಿಗೆ ಗೊತ್ತಿತ್ತು, ಆದರೆ ಕರೆತರಲು ಆಗುತ್ತಿರಲಿಲ್ಲ. ಆಗ ಕೈಗೆ ಬಂದ ಆಯುಧ ಹೇಬಿಯಸ್ ಕಾರ್ಪಸ್, ಅಂದರೆ ಆಳನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸು ಎಂಬ ಆಜ್ಞೆ. ಮುಂಬಯಿಯ ಸುಪ್ರೀಂ ಕೋರ್ಟು 1843ರಲ್ಲಿ ಶ್ರೀಪತ್ ಶೇಷಾದ್ರಿ ಎಂಬ ಹನ್ನೆರಡರ ಹುಡುಗನನ್ನು ಮಿಶನ್ನಿನಿಂದ ಬಿಡಿಸಿ ತಂದೆಗೆ ಒಪ್ಪಿಸಿತು. ನ್ಯಾಯಾಧೀಶರು ತೂಗಿದ್ದು ಒಂದನ್ನೇ: ಹುಡುಗನಿಗೆ ಸ್ವಂತ ತಿಳಿವಳಿಕೆಯ ವಯಸ್ಸು ಬಂದಿದೆಯೇ? ಬಂದಿದ್ದರೆ ಅವನು ಇಷ್ಟಬಂದಲ್ಲಿ ಹೋಗಬಹುದು, ಬಂದಿಲ್ಲವಾದರೆ ಅವನು ತಂದೆಯ ಸೊತ್ತು. ಹುಡುಗ ಮನೆ ಬಿಟ್ಟದ್ದೇಕೆ ಎಂಬುದು ಆ ಕಾಲದ ಕಾನೂನಿಗೆ ಬೇಕಿರಲಿಲ್ಲ.

ಮದರಾಸಿನ ಸುಪ್ರೀಂ ಕೋರ್ಟು 1801ರಲ್ಲಿ ಶುರುವಾಗಿ, 1862ರಲ್ಲಿ ಹೈಕೋರ್ಟಿಗೆ ಜಾಗ ಬಿಟ್ಟಿತು. ಪ್ಯಾರೀಸ್ ಕಾರ್ನರಿನ ಎದುರಿಗಿರುವ ಕೆಂಪು ಕಟ್ಟಡ 1892ರಲ್ಲಿ ಸಿದ್ಧವಾಯಿತು. ಅದರ ಎತ್ತರದ ಗುಮ್ಮಟದ ಮೇಲೆ 1894ರಿಂದ 1977ರವರೆಗೆ ಊರಿನ ದೀಪಸ್ತಂಭವೇ ಇತ್ತು. ಕನ್ನಡಿಗರಲ್ಲಿ ಅನೇಕರಿಗೆ ಇದು ಪರರಾಜ್ಯದ ಕೋರ್ಟಾಗಿರಲಿಲ್ಲ ಎಂಬುದನ್ನು ಇಂದು ನೆನಪಿಸಿ ಹೇಳಬೇಕಾಗಿದೆ. ಬಳ್ಳಾರಿ 1953ರವರೆಗೆ, ಕಾಸರಗೋಡನ್ನೂ ಒಳಗೊಂಡ ದಕ್ಷಿಣ ಕನ್ನಡ 1956ರವರೆಗೆ ಮದರಾಸಿನ ಆಡಳಿತದಲ್ಲಿದ್ದವು. ಕುಂದಾಪುರದ ತಂದೆಯೊಬ್ಬ ಮಗನಿಗಾಗಿ ಹೈಕೋರ್ಟಿನ ಮೆಟ್ಟಿಲು ಹತ್ತಬೇಕೆಂದರೆ ಅದು ಈ ಮೆಟ್ಟಿಲೇ. ಆದರೂ 1898ರ ದಂಡ ಪ್ರಕ್ರಿಯಾ ಸಂಹಿತೆಯ 491ನೆಯ ಕಲಮು ಕೊಟ್ಟ ಹೇಬಿಯಸ್ ಅಧಿಕಾರ ಮದರಾಸು ಪಟ್ಟಣದ ಎಲ್ಲೆಯೊಳಗಷ್ಟೇ ನಡೆಯುತ್ತಿತ್ತು. 1923ರ ತಿದ್ದುಪಡಿಯ ಮೇಲಷ್ಟೇ ಅದು ಜಿಲ್ಲೆಗಳಿಗೆ ಹಬ್ಬಿತು.

ಆ ಕಟ್ಟಡದಲ್ಲಿ ನಡೆದ ಹುಡುಗರ ವ್ಯಾಜ್ಯಗಳಲ್ಲಿ ಜಗತ್ತಿನ ಕಣ್ಣು ಬಿದ್ದದ್ದು ಜಿಡ್ಡು ಕೃಷ್ಣಮೂರ್ತಿಯದರ ಮೇಲೆ. 1895ರಲ್ಲಿ ಮದನಪಲ್ಲಿಯಲ್ಲಿ ಹುಟ್ಟಿದ ಈ ಹುಡುಗನನ್ನು 1909ರಲ್ಲಿ ಅಡ್ಯಾರಿನ ಕಡಲ ದಂಡೆಯಲ್ಲಿ ಥಿಯಾಸೊಫಿಕಲ್ ಸೊಸೈಟಿಯವರು ಭಾವೀ ಜಗದ್ಗುರುವೆಂದು ಗುರುತಿಸಿದರು. ತಂದೆ ನಾರಾಯಣಯ್ಯ ನಿವೃತ್ತ ಸರಕಾರಿ ನೌಕರ, ಸೊಸೈಟಿಯಲ್ಲೇ ಕೆಲಸಕ್ಕಿದ್ದವರು. 1910ರಲ್ಲಿ ಅವರು ಕೃಷ್ಣಮೂರ್ತಿ, ನಿತ್ಯಾನಂದ ಇಬ್ಬರು ಮಕ್ಕಳ ಪೋಷಕತ್ವವನ್ನೂ ಸೊಸೈಟಿಯ ಅಧ್ಯಕ್ಷೆ ಆನಿ ಬೆಸೆಂಟ್ ಅವರಿಗೆ ಬರೆದುಕೊಟ್ಟರು. ಎರಡೇ ವರ್ಷದಲ್ಲಿ ಮನಸ್ಸು ತಿರುಗಿತು. ಅಷ್ಟರಲ್ಲಿ ಮಕ್ಕಳು ಹಡಗು ಹತ್ತಿ ಇಂಗ್ಲೆಂಡು ಸೇರಿದ್ದರು. ನಾರಾಯಣಯ್ಯ 1912ರಲ್ಲಿ ಚೆಂಗಲ್ಪಟ್ಟಿನ ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಅದು ಹೈಕೋರ್ಟಿಗೆ ವರ್ಗವಾಯಿತು. ತಂದೆಯ ಪರ ಸಿ. ಪಿ. ರಾಮಸ್ವಾಮಿ ಅಯ್ಯರ್ ನಿಂತರು, ಬೆಸೆಂಟ್ ವಕೀಲರಿಲ್ಲದೆ ತಾವೇ ವಾದಿಸಿದರು. 1913ರ ಏಪ್ರಿಲಿನಲ್ಲಿ ನ್ಯಾಯಮೂರ್ತಿ ಬೇಕ್‌ವೆಲ್ ಮಕ್ಕಳನ್ನು ತಂದೆಗೆ ಒಪ್ಪಿಸಬೇಕೆಂದು ತೀರ್ಪಿತ್ತರು, ಮೇಲ್ಮನವಿಯಲ್ಲೂ ಅದೇ ನಿಂತಿತು.

ಒಪ್ಪಿಸಲು ಮಕ್ಕಳು ಎಲ್ಲಿದ್ದರು? ಇಂಗ್ಲೆಂಡು, ಫ್ರಾನ್ಸ್, ಸಿಸಿಲಿ ಎಂದು ಜಾಗ ಬದಲಾಗುತ್ತಲೇ ಇತ್ತು. ತಂದೆಯ ಕಡೆಯವರು ಎತ್ತಿಕೊಂಡು ಹೋದಾರೆಂಬ ಭಯ ಅವರನ್ನು ಕಾಯುತ್ತಿದ್ದವರಿಗಿತ್ತು. 1914ರ ಮೇ ತಿಂಗಳಲ್ಲಿ ಲಂಡನ್ನಿನ ಪ್ರೀವಿ ಕೌನ್ಸಿಲ್ ಮದರಾಸಿನ ತೀರ್ಪುಗಳನ್ನು ತಳ್ಳಿಹಾಕಿತು. ದೇಶದಲ್ಲೇ ಇಲ್ಲದ ಮಕ್ಕಳ ಮೇಲೆ ಇಲ್ಲಿನ ಜಿಲ್ಲಾ ನ್ಯಾಯಾಲಯಕ್ಕೆ ಅಧಿಕಾರವಿರಲಿಲ್ಲ ಎಂಬುದು ಒಂದು ಕಾರಣ. ಇನ್ನೊಂದು ಕಾರಣವೇ ಮುಖ್ಯವಾದದ್ದು: ಹದಿಹರೆಯ ದಾಟುತ್ತಿದ್ದ ಆ ಇಬ್ಬರನ್ನು ಏನು ಬೇಕೆಂದು ಯಾರೂ ಕೇಳಿಯೇ ಇರಲಿಲ್ಲ. ಎಳೆಯರ ಇಷ್ಟವೂ ತೂಕಕ್ಕೆ ಬರಬೇಕಾದ ಸಂಗತಿ ಎಂಬುದು ಹೀಗೆ ಸಾಗರದಾಚೆಯಿಂದ ಮದರಾಸಿಗೆ ಬಂತು. ತಂದೆಯ ದೃಷ್ಟಿಯಿಂದ ನೋಡಿದರೆ ಇದು ದುರಂತ. ಹೈಕೋರ್ಟಿನ ಎರಡು ಹಂತಗಳಲ್ಲೂ ಗೆದ್ದೂ ಅವರು ಮಕ್ಕಳನ್ನು ಪಡೆಯಲಿಲ್ಲ.

ಕೋರ್ಟಿನ ದಾರಿ ಕಾಸಿದ್ದವರದು. ಉಳಿದವರ ಹುಡುಕಾಟ ಬಾಯಿಂದ ಬಾಯಿಗೆ ಸಾಗುತ್ತಿತ್ತು. 1896ರ ಆಗಸ್ಟಿನಲ್ಲಿ ಮದುರೆಯ ಮನೆಯಿಂದ ಮೂರು ರೂಪಾಯಿ ಎತ್ತಿಕೊಂಡು, ಹೆಸರಿನ ಜಾಗದಲ್ಲಿ ಬರೀ ಗೀಟೆಳೆದ ಚೀಟಿ ಬರೆದಿಟ್ಟು ಹದಿನಾರರ ವೆಂಕಟರಾಮನ್ ಕಾಣೆಯಾದ. ಅವನು ತಿರುವಣ್ಣಾಮಲೆಯಲ್ಲಿದ್ದಾನೆಂದು ಮನೆಯವರಿಗೆ ತಿಳಿಯಲು ಸುಮಾರು ಎರಡು ವರ್ಷ ಬೇಕಾಯಿತು. ತಿಳಿದದ್ದೂ ಮಠವೊಂದರಲ್ಲಿ ತಂಬಿರಾನ್ (ಶೈವ ಸನ್ಯಾಸಿ) ಒಬ್ಬರು ಆಡಿದ ಮಾತು ಪರಿಚಿತ ಹುಡುಗನ ಕಿವಿಗೆ ಬಿದ್ದದ್ದರಿಂದ. ತಾಯಿ ಹೋಗಿ ಅತ್ತು ಕರೆದರೂ ಮಗ ಬರಲಿಲ್ಲ. ಅವನೇ ರಮಣ ಮಹರ್ಷಿ. ಪತ್ತೇದಾರಿಕೆಯ ಕಣ್ಣಿನಿಂದ ನೋಡಿದರೆ ಈ ಪ್ರಕರಣದಲ್ಲಿ ಗಮನಿಸಬೇಕಾದದ್ದು ಸುಳಿವು ಬಂದ ದಾರಿ. ಮಠ, ಛತ್ರ, ಜಾತ್ರೆ, ಬಂಧುಗಳ ಮದುವೆ, ಇವೇ ಆ ಕಾಲದ ಪತ್ತೆಯ ಜಾಲ.

ಕರಾವಳಿಯ ಕನ್ನಡಿಗರಿಗೆ ಮದರಾಸಿನಲ್ಲಿ ಆ ಜಾಲವಾಗಿ ಒದಗಿದ್ದು ಹೋಟೆಲು. 1907ರಲ್ಲಿ ಮಂಗಳೂರಿಗೆ ರೈಲು ಮುಟ್ಟಿದ ಮೇಲೆ ಮದರಾಸು ಒಂದು ಟಿಕೆಟ್ಟಿನ ದೂರವಾಯಿತು. ಟಿಕೆಟ್ಟಿಲ್ಲದೆ ಹೋದವರೂ ಇದ್ದರು. ಪ್ಯಾರೀಸ್ ಕಾರ್ನರಿನ ಹಿಂದಿನ ಜಾರ್ಜ್ ಟೌನಿನ ಬೀದಿಗಳಲ್ಲಿ ಉಡುಪಿ ಕಡೆಯವರ ಊಟದ ಮನೆಗಳು ಒಂದೊಂದಾಗಿ ಎದ್ದವು. ಮುಂದೆ ವುಡ್‌ಲ್ಯಾಂಡ್ಸ್ ಕಟ್ಟಿದ ಕಡಂದಲೆ ಕೃಷ್ಣರಾಯರು 1920ರ ದಶಕದಲ್ಲಿ ವ್ಯಾಪಾರ ಶುರುಮಾಡಿದ್ದು ಇಲ್ಲಿನ ಆಚಾರಪ್ಪನ್ ಬೀದಿಯಲ್ಲೇ. ಪರೀಕ್ಷೆಯಲ್ಲಿ ಡುಮ್ಕಿ ಹೊಡೆದವನು, ಚಿಕ್ಕಪ್ಪನ ಪೆಟ್ಟು ತಿಂದವನು, ಗೇಣಿ ಕಟ್ಟಲಾಗದ ಮನೆಯ ನಾಲ್ಕನೆಯ ಮಗ, ಇಂಥವರು ರೈಲಿಳಿದು ಕನ್ನಡವೋ ತುಳುವೋ ಕೇಳಿಸಿದ ಬಾಗಿಲಲ್ಲಿ ನಿಲ್ಲುತ್ತಿದ್ದರು. 'ಯಾವೂರು ಮಾಣಿ? ಯಾರ ಮಗ?' ಇವೆರಡೇ ಪ್ರಶ್ನೆ. ಉತ್ತರ ಕೊಟ್ಟವನಿಗೆ ಊಟ, ಮಲಗಲು ಜಗಲಿ, ಬೆಳಗಿನಿಂದ ಲೋಟ ತೊಳೆಯುವ ಕೆಲಸ. ಅದೇ ಉತ್ತರದ ಬಲದ ಮೇಲೆ ಗಲ್ಲೆಯಲ್ಲಿ ಕೂತ ಯಜಮಾನರು ಊರಿಗೊಂದು ಕಾರ್ಡು ಗೀಚುವುದೂ ಇತ್ತು: ನಿಮ್ಮ ಹುಡುಗ ಇಲ್ಲಿದ್ದಾನೆ, ಚಿಂತೆ ಬೇಡ.

ಈ ವ್ಯವಸ್ಥೆಯನ್ನು ಹೊಗಳುವವರು ಹೆಚ್ಚು, ಅದರ ಇನ್ನೊಂದು ಮುಖ ಹೇಳುವವರು ಕಡಿಮೆ. ಮಗ ಸಿಕ್ಕಿದನೆಂಬ ಸಮಾಧಾನದಲ್ಲಿ ಮನೆಯವರು ಅವನನ್ನು ಅಲ್ಲೇ ಬಿಡುತ್ತಿದ್ದರು, ತಿಂಗಳಿಗೆ ನಾಲ್ಕು ಕಾಸು ಬಂದರೆ ಸಾಕೆಂದು. ಹುಡುಗ ಪತ್ತೆಯಾಗುತ್ತಿದ್ದ, ಅವನ ಶಾಲೆ ಮಾತ್ರ ಕಾಣೆಯಾಗುತ್ತಿತ್ತು. ಊರಿನವರ ಬಾಗಿಲು ಸಿಗದವನ ಪಾಡು ಇನ್ನೂ ಬೇರೆ. ಬಂದರು ನಾಲ್ಕು ಹೆಜ್ಜೆಯಲ್ಲಿತ್ತು. ಬ್ರಿಟಿಷ್ ಇಂಡಿಯಾ ಕಂಪನಿಯ ಹಡಗುಗಳ ಏಜೆಂಟರಾದ ಬಿನ್ನಿ ಕಂಪನಿಯ ಕಚೇರಿ ಅರ್ಮೇನಿಯನ್ ಬೀದಿಯಲ್ಲೇ ಇತ್ತು. 1937ರಲ್ಲಿ ಬರ್ಮಾ ಬೇರೆಯಾಗುವವರೆಗೆ ರಂಗೂನು ಇದೇ ದೇಶದ ಇನ್ನೊಂದು ಊರು. ಡೆಕ್ಕಿನ ಟಿಕೆಟ್ಟು ಹಿಡಿದು ಹಡಗು ಹತ್ತಿದ ಹುಡುಗನ ಜಾಡು ಪ್ಯಾರೀಸ್ ಕಾರ್ನರಿನಲ್ಲೇ ಮುಗಿದುಹೋಗುತ್ತಿತ್ತು. ಬೀದಿಯಲ್ಲಿ ಅಲೆಯುತ್ತ ಸಿಕ್ಕವರಿಗಾಗಿ 1920ರಲ್ಲಿ ಮದರಾಸು ಸರಕಾರ ಮಕ್ಕಳ ಕಾಯಿದೆ ತಂದಿತು, ಅದು ಇಂಡಿಯಾದಲ್ಲೇ ಇಂಥ ಮೊದಲ ಕಾಯಿದೆ. ಬಂಗಾಳ, ಮುಂಬಯಿ ಆಮೇಲೆ ಬಂದವು. ಸಿಕ್ಕ ಹುಡುಗನನ್ನು ಜೈಲಿಗೆ ಹಾಕದೆ ಬೇರೆಡೆ ಇಡಬೇಕೆಂಬ ತಿಳಿವಳಿಕೆ ಅಲ್ಲಿಂದ ಕಾನೂನಾಯಿತು. ಹುಡುಕುವವರ ಪಟ್ಟಿಗೂ ಹೊಸ ವಿಳಾಸಗಳು ಸೇರಿದವು. ಕೆಲ್ಲೀಸ್‌ನ ಬಾಲಮಂದಿರದ ಹೆಸರು ಇಂದಿಗೂ ಆ ಪಟ್ಟಿಯಲ್ಲಿದೆ.

ಕಾಣೆಯಾದವರ ವಿಷಯ ಬಂದಾಗ ಈ ಮೂಲೆಯ ಜನ ಇಂದಿಗೂ ಎತ್ತುವುದು ಹುಡುಗನೊಬ್ಬನ ಕತೆಯನ್ನಲ್ಲ, ಆಳವಂದಾರ್ ಪ್ರಕರಣವನ್ನು. ಪೆನ್ನಿನ ಹೆಸರಾಂತ ಅಂಗಡಿ ಜೆಮ್ ಅಂಡ್ ಕಂಪನಿಯ ಜಾಗದಲ್ಲಿ ವ್ಯಾಪಾರ ಮಾಡುತ್ತಿದ್ದ ಆತ 1952ರ ಆಗಸ್ಟ್ 28ರಂದು ಮನೆಗೆ ಮರಳಲಿಲ್ಲ. ಹೆಂಡತಿ ಬಂದು ಕೇಳಿದ್ದು ಅಂಗಡಿಯ ಮಾಲೀಕರನ್ನು, ರಾಯಪುರಂನ ಮನೆಯೊಂದಕ್ಕೆ ಹೋಗಿ ವಿಚಾರಿಸಿದ್ದೂ ಆ ಮಾಲೀಕರೇ. ಪೊಲೀಸರ ಕೆಲಸ ಶುರುವಾದದ್ದು ಆಮೇಲೆ. ಮರುದಿನ ಮಾನಾಮದುರೆಯಲ್ಲಿ ಬೋಟ್ ಮೇಲ್ ರೈಲಿನ ಪೆಟ್ಟಿಗೆಯೊಂದರಲ್ಲಿ ತಲೆಯಿಲ್ಲದ ದೇಹ ಸಿಕ್ಕಿತು, ತಲೆ ರಾಯಪುರಂನ ಕಡಲ ತೀರದಲ್ಲಿ. ಸೈನ್ಯದ ದಾಖಲೆಯಲ್ಲಿದ್ದ ಬೆರಳಚ್ಚು ಗುರುತು ಹಿಡಿಯಿತು. 1953ರಲ್ಲಿ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಪಂಚಾಪಕೇಶ ಅಯ್ಯರ್ ಅವರ ಮುಂದೆ ವಿಚಾರಣೆ ನಡೆದಾಗ ಜನ ಜಾತ್ರೆಯಂತೆ ನೆರೆದರು. ಪೇಟೆಯ ಪರಿಚಯಸ್ಥನೇ ಮೊದಲ ಪತ್ತೇದಾರ ಎಂಬ ಹಳೆಯ ರೂಢಿಗೆ ಇದು ಕೊನೆಯ ದೊಡ್ಡ ಉದಾಹರಣೆ.

ಐವತ್ತರ ದಶಕದ ಹೊತ್ತಿಗೆ ಮನೆಬಿಡುವ ಕಾರಣಗಳೂ ಬದಲಾಗಿದ್ದವು. ಕನ್ನಡ ಸಿನಿಮಾಗಳೂ ಮದರಾಸಿನ ಸ್ಟುಡಿಯೋಗಳಲ್ಲೇ ತಯಾರಾಗುತ್ತಿದ್ದ ಕಾಲ. ಆ ಸ್ಟುಡಿಯೋಗಳಿದ್ದ ಕೋಡಂಬಾಕಂನ ಗೇಟಿನ ಕನಸು ಹುಡುಗರನ್ನು ಎಳೆಯಿತು. ಜೊತೆಗೆ ಪ್ರೇಮ. ಹದಿಹರೆಯದ ಹುಡುಗಿ ಮನೆಬಿಟ್ಟಾಗ ಕಾನೂನು ಏನು ಹೇಳಬೇಕೆಂಬುದಕ್ಕೆ ಇಡೀ ದೇಶ ಇಂದಿಗೂ ಓದುವ ತೀರ್ಪು ಮದರಾಸಿನ ಒಂದು ಹುಡುಕಾಟದಿಂದಲೇ ಹುಟ್ಟಿತು. 1960ರ ಅಕ್ಟೋಬರಿನಲ್ಲಿ, ಹದಿನೆಂಟಕ್ಕೆ ತುಸುವೇ ಕಡಿಮೆಯಿದ್ದ ಕಾಲೇಜು ವಿದ್ಯಾರ್ಥಿನಿಯೊಬ್ಬಳು ತಾನೇ ಫೋನು ಮಾಡಿ ವರದರಾಜನ್ ಎಂಬ ತರುಣನನ್ನು ಕರೆಸಿಕೊಂಡು, ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯ ಕರಾರು ನೋಂದಾಯಿಸಿ, ಅವನೊಂದಿಗೆ ಊರೂರು ಹೋದಳು. ತಂದೆ ನುಂಗಂಬಾಕಂ ಪೊಲೀಸರಿಗೆ ದೂರು ಕೊಟ್ಟರು. ಸಾತ್ತೂರು, ಶೀರ್ಕಾಳಿ, ಕೊಯಮತ್ತೂರು ಸುತ್ತಿದ ಜೋಡಿ ಪೊಲೀಸರಿಗೆ ಸಿಕ್ಕಿದ್ದು ತಂಜಾವೂರಿನಲ್ಲಿ. ಕೆಳಗಿನ ಕೋರ್ಟು ಅಪಹರಣವೆಂದು ಶಿಕ್ಷೆ ಕೊಟ್ಟಿತು, ಹೈಕೋರ್ಟು ಎತ್ತಿಹಿಡಿಯಿತು.

1964ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಶಿಕ್ಷೆಯನ್ನು ರದ್ದುಮಾಡಿತು. ತಾನೇನು ಮಾಡುತ್ತಿದ್ದೇನೆಂದು ಬಲ್ಲ ಹುಡುಗಿ ತಾನಾಗಿ ಮನೆಬಿಟ್ಟು ಬಂದಾಗ ಜೊತೆಗೆ ಹೋದವನು ಅವಳನ್ನು 'ಕರೆದೊಯ್ದ' ಎನ್ನಲಾಗದು. ಅವಳು ಮನೆಬಿಡುವಂತೆ ಪುಸಲಾಯಿಸಿದ್ದರೆ ಮಾತು ಬೇರೆ. ಎಸ್. ವರದರಾಜನ್ ವಿರುದ್ಧ ಮದರಾಸು ರಾಜ್ಯ ಎಂಬ ಈ ಪ್ರಕರಣ ಹುಡುಕಾಟದ ಅರ್ಥವನ್ನೇ ಬದಲಿಸಿತು. ಎಲ್ಲಿದ್ದಾಳೆ ಎಂದು ಕಂಡುಹಿಡಿದರೆ ಸಾಲದು, ಹೇಗೆ ಹೋದಳು ಎಂಬುದನ್ನೂ ತಿಳಿಯಬೇಕು. ಹುಡುಗರ ವಿಚಾರದಲ್ಲಿ ಕಾನೂನು ಇನ್ನೂ ಸಡಿಲವಾಗಿತ್ತು. ಅಪಹರಣದ ಕಲಮಿನಲ್ಲಿ ಹುಡುಗಿಗೆ ಹದಿನೆಂಟು, ಹುಡುಗನಿಗೆ ಹದಿನಾರು ಎಂಬ ವಯೋಮಿತಿ 1949ರ ತಿದ್ದುಪಡಿಯಿಂದ ಬಂದದ್ದು. ಹದಿನೇಳರ ಹುಡುಗನನ್ನು ಯಾರಾದರೂ ಕರೆದೊಯ್ದರೆ ಆ ಕಲಮು ಮೌನವಾಗಿತ್ತು. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದ ಮೇಲಷ್ಟೇ ಇಬ್ಬರಿಗೂ ಹದಿನೆಂಟಾಯಿತು.

ಖಾಸಗಿ ಪತ್ತೇದಾರ ಈ ಕತೆಗೆ ತಡವಾಗಿ ಬಂದವನು. ಪ್ಯಾರಿಸ್ಸಿನಲ್ಲಿ, ಈ ಸಲ ಫ್ರಾನ್ಸಿನದೇ, ವಿದೋಕ್ 1833ರಲ್ಲೂ ಅಮೆರಿಕದಲ್ಲಿ ಪಿಂಕರ್ಟನ್ 1850ರ ಸುಮಾರಿಗೂ ಪತ್ತೆಯನ್ನು ಕಸುಬಾಗಿ ಮಾಡಿಕೊಂಡಿದ್ದರು. ದಕ್ಷಿಣದಲ್ಲಿ ಅವನು ಮೊದಲು ಹುಟ್ಟಿದ್ದು ಪುಸ್ತಕದೊಳಗೆ. ತಮಿಳಿನಲ್ಲಿ ಆರಣಿ ಕುಪ್ಪುಸ್ವಾಮಿ ಮುದಲಿಯಾರ್, ವಡುವೂರು ದೊರೆಸ್ವಾಮಿ ಅಯ್ಯಂಗಾರ್, ಆಮೇಲೆ ಶಂಕರಲಾಲ್‌ನನ್ನು ಸೃಷ್ಟಿಸಿದ ತಮಿಳ್ವಾಣನ್. ಕನ್ನಡದಲ್ಲಿ ಎನ್. ನರಸಿಂಹಯ್ಯನವರ ಪುರುಷೋತ್ತಮ, ಮಧುಸೂದನ, ಅರಿಂಜಯರು ಐವತ್ತರ ದಶಕದಿಂದ ಬಾಡಿಗೆ ಲೈಬ್ರರಿಗಳನ್ನು ಆಳಿದರು. ಆ ಪುರುಷೋತ್ತಮನಿಗಿದ್ದ ಮರ್ಯಾದೆ ನಿಜವಾದ ಕಸುಬಿನವನಿಗೆ ಎಂದೂ ಸಿಗಲಿಲ್ಲ. ನಿವೃತ್ತ ಪೊಲೀಸರು, ಸೈನ್ಯ ಬಿಟ್ಟವರು ತೆರೆದ ಏಜೆನ್ಸಿಗಳಿಗೆ ಅನ್ನ ಕೊಟ್ಟದ್ದು ಮದುವೆಗೆ ಮುಂಚಿನ ಗಂಡಿನ ವಿಚಾರಣೆ, ಗಂಡಹೆಂಡಿರ ಸಂಶಯ, ಕಂಪನಿಗಳ ಒಳಗಳ್ಳತನ. ಕಾಣೆಯಾದ ಹುಡುಗನ ಕೇಸು ಬರುವುದು, ಪೊಲೀಸರು ದೂರು ಬರೆದುಕೊಂಡು ಸುಮ್ಮನಾದರೆಂದು ತಂದೆತಾಯಿಗೆ ಅನ್ನಿಸಿದಾಗ, ಅಥವಾ ಹೆಣ್ಣುಮಗಳ ಹೆಸರು ಠಾಣೆಯ ಪುಸ್ತಕದಲ್ಲಿ ಬೀಳಬಾರದೆಂಬ ಮಾನದ ಭಯದಲ್ಲಿ.

ಆ ಕೆಲಸ ಕಾದಂಬರಿಯಂತಿಲ್ಲ. ಮನೆಬಿಟ್ಟ ದಿನ ಕೈಯಲ್ಲೆಷ್ಟು ಹಣವಿತ್ತು, ಯಾವ ಬಟ್ಟೆ ತೆಗೆದುಕೊಂಡ, ಚಪ್ಪಲಿ ಹಾಕಿಕೊಂಡು ಹೋದನೇ, ಕೊನೆಗೆ ಯಾರೊಡನೆ ಜಗಳವಾಯಿತು, ಇವೇ ಮೊದಲ ಪ್ರಶ್ನೆಗಳು. ಬಟ್ಟೆ ತುಂಬಿಕೊಂಡು ಹೋದವನು ಯೋಚಿಸಿ ಹೋದವನು. ಬರಿಗೈಯಲ್ಲಿ ಹೋದವನ ಬಗ್ಗೆ ಹೆಚ್ಚು ಹೆದರಬೇಕು. ಆಮೇಲೆ ಗೆಳೆಯರು, ತಾಯಿಗೆ ಹೇಳದ್ದನ್ನು ಅವರು ಹೊರಗಿನವನಿಗೆ ಹೇಳಿಯಾರು. ಬಳಿಕ ಫೋಟೋ ಹಿಡಿದು ಲಾಡ್ಜು, ಬಸ್ ನಿಲ್ದಾಣ, ಆಸ್ಪತ್ರೆ, ಬಾಲಮಂದಿರ. ಪತ್ತೇದಾರನಿಗೆ ಬಂಧಿಸುವ ಅಧಿಕಾರವಿಲ್ಲ, ಲಾಡ್ಜಿನ ರಿಜಿಸ್ಟರ್ ತೋರಿಸೆಂದು ಆಜ್ಞಾಪಿಸುವಂತಿಲ್ಲ, ಫೋನ್ ಕರೆಗಳ ಪಟ್ಟಿ ತರಿಸಿಕೊಂಡರೆ ಅದೇ ಅಪರಾಧ. ಇಂಥ ಪಟ್ಟಿಗಳ ಮಾರಾಟಕ್ಕಾಗಿ 2018ರಲ್ಲಿ ಥಾಣೆ ನಗರದ ಪೊಲೀಸರು ಖಾಸಗಿ ಪತ್ತೇದಾರರನ್ನೇ ಹಿಡಿದು ಒಳಗೆ ಹಾಕಿದ್ದರು. 2005ರ ಕಾಯಿದೆ ಕಾವಲು ಏಜೆನ್ಸಿಗಳಿಗೆ ಪರವಾನಗಿ ತಂದಿತು, ಪತ್ತೇದಾರರನ್ನು ಹೊರಗಿಟ್ಟಿತು. ಅವರಿಗೆಂದೇ 2007ರಲ್ಲಿ ರಾಜ್ಯಸಭೆಗೆ ಬಂದ ಮಸೂದೆ ಕಾನೂನಾಗಲೇ ಇಲ್ಲ. ಹಾಗಾಗಿ ಬೋರ್ಡು ಬರೆಸಿದವನೆಲ್ಲ ಪತ್ತೇದಾರನೇ. ಸಂಕಟದಲ್ಲಿರುವ ತಂದೆತಾಯಿಗೆ ಇದು ಒಳ್ಳೆಯ ಸ್ಥಿತಿಯಲ್ಲ.

ಹೋಟೆಲಿನ ದಾರಿ ಅಷ್ಟರಲ್ಲಿ ಮುಚ್ಚಿತ್ತು. 2006ರ ಅಕ್ಟೋಬರಿನಿಂದ ಹದಿನಾಲ್ಕರ ಕೆಳಗಿನವರನ್ನು ಹೋಟೆಲುಗಳಲ್ಲಿ ದುಡಿಸುವುದು ನಿಷಿದ್ಧವಾಯಿತು. ಆಗಬೇಕಾದ ಕೆಲಸವೇ ಅದು. ಮಾಣಿಗೆ ಆಸರೆ ಕೊಟ್ಟು ಊರಿಗೆ ಕಾರ್ಡು ಬರೆಯುತ್ತಿದ್ದ ಗಲ್ಲೆಯೂ ಅದರೊಂದಿಗೆ ಹೋಯಿತು, ಆ ಜಾಗಕ್ಕೆ 1098ರ ಮಕ್ಕಳ ಸಹಾಯವಾಣಿ ಬಂತು. ಬಸ್ಸುಗಳೂ ಹೋದವು: ಬ್ರಾಡ್‌ವೇಯಿಂದ ಹೊರಡುತ್ತಿದ್ದ ಹೊರಊರಿನ ಬಸ್ಸುಗಳನ್ನು 2002ರ ನವೆಂಬರಿನಲ್ಲಿ ಕೋಯಂಬೇಡಿಗೆ ಸಾಗಿಸಲಾಯಿತು. ಹುಡುಕಾಟದ ದಾರಿಯೂ ಹೀಗೆ ಪ್ಯಾರೀಸ್ ಕಾರ್ನರಿನಿಂದ ಹೊರಗೆ ಸರಿಯಿತು.

2013ರ ಮೇ 10ರಂದು ಬಚಪನ್ ಬಚಾವೋ ಆಂದೋಲನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮಗು ಕಾಣೆಯಾದ ದೂರು ಬಂದ ಕೂಡಲೇ ಎಫ್‌ಐಆರ್ ದಾಖಲಿಸಲೇಬೇಕು, ಅಪಹರಣವೋ ಸಾಗಾಟವೋ ಆಗಿದೆಯೆಂದೇ ಮೊದಲು ಭಾವಿಸಿ ತನಿಖೆ ನಡೆಸಬೇಕು ಎಂದಿತು. ನಾಲ್ಕು ತಿಂಗಳಾದರೂ ಪತ್ತೆಯಾಗದಿದ್ದರೆ ಪ್ರಕರಣ ಮಾನವ ಸಾಗಾಟ ತಡೆ ಘಟಕಕ್ಕೆ ಹೋಗುತ್ತದೆ. 'ಎರಡು ದಿನ ನೋಡಿ, ತಾನೇ ಬರುತ್ತಾನೆ' ಎಂದು ಹೇಳಿ ಕಳಿಸಲು ಠಾಣೆಗೆ ಈಗ ಅಧಿಕಾರವಿಲ್ಲ. ಪೊಲೀಸರು ಕದಲದಿದ್ದರೆ ಸಂವಿಧಾನದ 226ನೆಯ ವಿಧಿಯಡಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದು. ದಕ್ಷಿಣದ ಜಿಲ್ಲೆಗಳವರು 2004ರಿಂದ ಅದಕ್ಕಾಗಿ ಮದುರೆಯ ಪೀಠಕ್ಕೆ ಹೋಗುತ್ತಾರೆ. ತಮಿಳುನಾಡಿನ ಉಳಿದ ತಂದೆತಾಯಿಯರು ಬರುವುದು ಪ್ಯಾರೀಸ್ ಕಾರ್ನರಿನ ಎದುರಿನ ಅದೇ ಕೆಂಪು ಕಟ್ಟಡಕ್ಕೆ.